ನಾರುಹುಣ್ಣು

ಕಲುಷಿತ ಕುಡಿಯುವ ನೀರಿನಿಂದ ಹರಡುವ ಪರೋಪಜೀವಿ ರೋಗ. ಕಾರಣ, ಡ್ರಾಕುನ್‌ಕ್ಯುಲಸ್ ಮೆಡಿನೆನ್ಸಿಸ್ ಎಂಬ ಹುಳು. ಇದರ ಮರಿಗಳನ್ನು ನುಂಗಿದ ಸೈಕ್ಲೋಪ್ಸ್ ಎಂಬ ನೀರುಚಿಗಟಗಳು ಕೆರೆ, ಹೊಂಡಗಳ ನೀರಿನೊಂದಿಗೆ ಮನುಷ್ಯನ ಹೊಟ್ಟೆ ಸೇರುತ್ತವೆ. ಸುಮಾರು ಒಂದು ವರ್ಷದ ಬಳಿಕ, ಮೀಟರಿನಷ್ಟು ಉದ್ದ ಬೆಳೆಯಬಲ್ಲ ಹೆಣ್ಣುಹುಳು ಸಾಮಾನ್ಯವಾಗಿ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಳಿಸಿದಾಗ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆದು ತೆಗೆಯುವುದು ಹಳೆಯ ಕ್ರಮ, ಇಂದಿಗೂ ಅದೇ. ಗುಣಪಡಿಸುವ ಔಷಧಿಯಾಗಲಿ ಲಸಿಕೆಯಾಗಲಿ ಇಲ್ಲ.

ಸಾವು ಅಪರೂಪ. ಆದರೆ ವಾರಗಟ್ಟಲೆ ನಡೆಯಲಾಗದೆ ಬಿತ್ತನೆ, ಕೊಯ್ಲು ತಪ್ಪುತ್ತವೆ, ಮಕ್ಕಳ ಶಾಲೆ ನಿಲ್ಲುತ್ತದೆ. ನಲ್ಲಿ ನೀರಿರುವ ಮನೆಗೆ ಇದು ಬರುವುದಿಲ್ಲ; ಹಾಗಾಗಿ ಇದನ್ನು ಬಡತನದ ರೋಗವೆನ್ನುವುದು ಅತಿಶಯೋಕ್ತಿಯಲ್ಲ.

1980ರ ದಶಕದ ಮಧ್ಯದಲ್ಲಿ ಆಫ್ರಿಕಾ, ಏಷ್ಯಾಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಇದು ಬಾಧಿಸುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಕೆರೆಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕುವುದು, ರೋಗಿಯನ್ನು ನೀರಿಗಿಳಿಯದಂತೆ ತಡೆಯುವುದು, ಇಷ್ಟರಿಂದಲೇ ಇಳಿಕೆ ಸಾಧ್ಯವಾಯಿತು. ಭಾರತದಲ್ಲಿ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಳಿದು ನೀರು ತುಂಬುವ ಮೆಟ್ಟಿಲುಬಾವಿಗಳು ಸೋಂಕಿನ ಮುಖ್ಯ ತಾಣಗಳಾಗಿದ್ದವು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. 2000ದಲ್ಲಿ ಭಾರತ ರೋಗಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಆದರೆ ಆಫ್ರಿಕಾದ ಚಾಡ್‌ನಲ್ಲಿ ನಾಯಿಗಳಿಗೂ ಸೋಂಕು ತಗಲುತ್ತಿರುವುದರಿಂದ ಜಾಗತಿಕ ನಿರ್ಮೂಲನೆ ಇನ್ನೂ ಪೂರ್ಣಗೊಂಡಿಲ್ಲ.