ಕಾರಿನ ಟೇಪಿಗೆ ಒಂದು ವೈರು

ಹೋದ ವರ್ಷ ದೀಪಾವಳಿಗೆ ಮುಂಬಯಿಯಿಂದ ಹುಬ್ಬಳ್ಳಿಗೆ ಹೊರಟಾಗ ಒಂದು ಸಣ್ಣ ಪೇಚಿಗೆ ಸಿಕ್ಕಿಕೊಂಡೆ. ಕಾರು ಹೊಸದು. ನನ್ನ ಕೈಯಲ್ಲಿದ್ದದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳೇ ಎಂಪಿ3 ಪ್ಲೇಯರು. ಅದರಲ್ಲಿ ನಮ್ಮ ಅತ್ತೆಯವರು ಹಾಡಿದ 22 ಹಾಡುಗಳಿವೆ. ಆರತಿ ಹಾಡು, ಸೋಬಾನೆ, ಬೀಸುವ ಹಾಡು, ತೊಟ್ಟಿಲ ಹಾಡು. ಹಳೇ ಕಾರಿನಲ್ಲಾದರೆ ಮೊಳದುದ್ದದ ವೈರಿನ ಒಂದು ತುದಿಯನ್ನು ಪ್ಲೇಯರಿಗೆ, ಇನ್ನೊಂದನ್ನು ಡ್ಯಾಶ್‌ಬೋರ್ಡಿನ ತೂತಿಗೆ ಚುಚ್ಚಿದರೆ ಮುಗಿಯಿತು, ಖಾಲಾಪುರದ ಟೋಲ್ ಬರುವಷ್ಟರಲ್ಲಿ ಅತ್ತೆ ಎರಡು ಹಾಡು ಮುಗಿಸಿರುತ್ತಿದ್ದರು. ಹೊಸ ಕಾರಿನಲ್ಲಿ ವೈರು ಹಿಡಿದುಕೊಂಡು ಹುಡುಕಿದ್ದೇ ಹುಡುಕಿದ್ದು, ತೂತೇ ಇಲ್ಲ. “ಈಗ ಅದೆಲ್ಲಾ ಬರಂಗಿಲ್ಲ ಅಮ್ಮಾ” ಅಂದ ಮಗ.

ಹಾಡುಗಳನ್ನು ಫೋನಿಗೆ ಹಾಕಿಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಆ ಪ್ಲೇಯರಿನ ಯುಎಸ್‌ಬಿ ಬಾಯಿ ಸಡಿಲಾಗಿ ವರ್ಷಗಳಾದವು, ಯಾವ ಕಂಪ್ಯೂಟರೂ ಅದನ್ನು ಗುರುತಿಸುವುದಿಲ್ಲ. ಸಣ್ಣ ಸೆಲ್ ಹಾಕಿದರೆ ಹಾಡುತ್ತದೆ, ಅಷ್ಟೆ. ಮೂಲ ಕ್ಯಾಸೆಟ್ಟುಗಳ ಗತಿ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಅಂತೂ ಅತ್ತೆಯವರ ದನಿ ಹೊರಗೆ ಬರಲು ಉಳಿದಿದ್ದ ಬಾಗಿಲು ಒಂದೇ, ಇಯರ್‌ಫೋನ್ ಚುಚ್ಚುವ 3.5 ಮಿಲಿಮೀಟರಿನ ತೂತು. ಆ ತೂತಿಗೂ ಕಾರಿಗೂ ಏನು ಸಂಬಂಧ ಎಂದು ಊರಿನಿಂದ ಬಂದ ಮೇಲೆ ಓದುತ್ತಾ ಹೋದೆ. ನಾನು ಎಣಿಸಿದ್ದಕ್ಕಿಂತ ಹಳೆಯ ಕಥೆ ಅದು. ಅದರಲ್ಲಿ ಹೆಂಗಸರ ಪಾಲೂ ಇದೆ.

ಕಾರಿನೊಳಗೆ ಮೊದಲು ಬಂದದ್ದು ರೇಡಿಯೋ. ಅಮೆರಿಕದ ಗ್ಯಾಲ್ವಿನ್ ಎಂಬ ಕಂಪನಿ 1930ರಲ್ಲಿ ಮಾರಾಟಕ್ಕೆ ತಂದ ಕಾರ್ ರೇಡಿಯೋದ ಹೆಸರು ಮೋಟೊರೋಲಾ. ಮೋಟಾರು ಅಂದರೆ ಗಾಡಿ, ‘ಓಲಾ’ ಎಂಬುದು ಆ ಕಾಲದ ಗ್ರಾಮಫೋನುಗಳ ಹೆಸರಿನ ಬಾಲ. ಆಮೇಲೆ ಕಂಪನಿಯೇ ಆ ಹೆಸರು ಇಟ್ಟುಕೊಂಡಿತು. ಆದರೆ ರೇಡಿಯೋ ಎಂದರೆ ಅವರು ಬಡಿಸಿದ್ದನ್ನು ನಾವು ಉಣ್ಣಬೇಕು. ನಮಗೆ ಬೇಕಾದ ಹಾಡನ್ನು ಮನೆಯಿಂದ ಒಯ್ಯುವುದು ಹೇಗೆ? 1956ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ‘ಹೈವೇ ಹೈ-ಫೈ’ ಎಂಬ ಗ್ರಾಮಫೋನನ್ನೇ ಕೂರಿಸಿ ನೋಡಿದರು. ಸಣ್ಣ ತಟ್ಟೆಯಲ್ಲೇ ಹೆಚ್ಚು ಹೊತ್ತಿನ ಹಾಡು ಹಿಡಿಸಲೆಂದು ನಿಮಿಷಕ್ಕೆ 16⅔ ಸುತ್ತು ಮಾತ್ರ ತಿರುಗುವ, ಬೇರೆಯದೇ ಬಗೆಯ ತಟ್ಟೆಗಳು ಅದಕ್ಕೆ ಬೇಕಿದ್ದವು. ಮನೆಯಲ್ಲಿದ್ದ ತಟ್ಟೆ ಕಾರಿಗೆ ಹೊಂದುತ್ತಿರಲಿಲ್ಲ, ಕಾರಿನ ತಟ್ಟೆ ಮನೆಗೆ ಹೊಂದುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು.

ಈ ಗಂಟನ್ನು ಬಿಡಿಸಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ಎಂಬ ಡಚ್ ಎಂಜಿನಿಯರು ತನ್ನ ಕೋಟಿನ ಜೇಬಿಗೆ ಹಿಡಿಸುವಷ್ಟು ದೊಡ್ಡ ಮರದ ತುಂಡೊಂದನ್ನು ಕತ್ತರಿಸಿ, ಯಂತ್ರ ಇದಕ್ಕಿಂತ ದೊಡ್ಡದಾಗಬಾರದು ಎಂದು ಹೇಳಿದರಂತೆ. 1963ರಲ್ಲಿ ಬರ್ಲಿನ್‌ನ ರೇಡಿಯೋ ಮೇಳದಲ್ಲಿ ಅದು ಹೊರಬಂತು. ಬೇರೆ ಕಂಪನಿಗಳೂ ಇದೇ ಅಳತೆಯ ಕ್ಯಾಸೆಟ್ ಮಾಡಲಿ ಎಂದು ಫಿಲಿಪ್ಸ್ ಲೈಸೆನ್ಸಿಗೆ ದುಡ್ಡು ಕೇಳದೆ ಬಿಟ್ಟುಕೊಟ್ಟದ್ದು ದೊಡ್ಡ ಮಾತು. ಹಾಗಾಗಿಯೇ ಅಡುಗೆಮನೆಯ ಟೂ-ಇನ್-ಒನ್‌ನಲ್ಲಿ ಹಾಡಿದ ಕ್ಯಾಸೆಟ್ಟು ಜೇಬಿನ ವಾಕ್‌ಮನ್‌ನಲ್ಲೂ ಹಾಡಿತು, ಕಾರಿನ ಡೆಕ್ಕಿನಲ್ಲೂ ಹಾಡಿತು. ಜೋಡಿಸುವ ಮಾತೇ ಬೇಡ. ತೆಗೆದು ಹಾಕಿದರಾಯಿತು.

ನಮ್ಮಂಥ ಹೊರನಾಡಿನವರಿಗೆ ಇದು ಎಂಥ ಉಪಕಾರ ಮಾಡಿತೆಂದು ಊರಲ್ಲೇ ಇದ್ದವರಿಗೆ ಅಷ್ಟು ಬೇಗ ಹೊಳೆಯಲಿಕ್ಕಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಆಮೇಲೆ ಅಶ್ವತ್ಥರ ಮೈಸೂರು ಮಲ್ಲಿಗೆ, ಶಿಶುನಾಳ ಶರೀಫರ ಹಾಡುಗಳು. ರಜೆಗೆ ಹೋದವರು ಹಪ್ಪಳ, ಚಟ್ನಿಪುಡಿಯ ಜೊತೆ ಇವನ್ನೂ ಕಟ್ಟಿಕೊಂಡು ಬರುತ್ತಿದ್ದರು. ಒಂದು ಕ್ಯಾಸೆಟ್ಟಿನಿಂದ ನಮ್ಮ ಬಿಲ್ಡಿಂಗಿನಲ್ಲಿ ಆರು ಕ್ಯಾಸೆಟ್ಟುಗಳಾಗುತ್ತಿದ್ದವು, ಅದು ತಪ್ಪೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಮುಂಬಯಿಯ ಕಾರಿನಲ್ಲಿ ರೇಡಿಯೋ ತಿರುಗಿಸಿದರೆ ಕನ್ನಡ ಸಿಗುವ ಭರವಸೆ ಇರಲಿಲ್ಲ. ಧಾರವಾಡ ಆಕಾಶವಾಣಿ ಕಿವಿಗೆ ಬೀಳಬೇಕಾದರೆ ಕೊಲ್ಹಾಪುರ ದಾಟಿ ನಿಪ್ಪಾಣಿಯ ಹತ್ತಿರ ಬರಬೇಕು. ಅಲ್ಲಿಯವರೆಗಿನ ದಾರಿಗೆ ಕನ್ನಡವನ್ನು ನಾವೇ ಹೊತ್ತುಕೊಂಡು ಹೋಗಬೇಕಾಗಿತ್ತು.

ಹೊತ್ತುಕೊಂಡು ಹೋದರೂ ಹಚ್ಚುವವರು ಯಾರು? ಟೇಪು ಇದ್ದದ್ದು ಮುಂದೆ, ಹೆಂಗಸರು ಮಕ್ಕಳು ಕೂತದ್ದು ಹಿಂದೆ. ಸತಾರಾವರೆಗೆ ನಮ್ಮ ಮನೆಯವರ ಕಿಶೋರ್ ಕುಮಾರ್, ಆಮೇಲೆ ಮೈದುನನ ಗಜಲ್. ಹಿಂದಿನ ಸೀಟಿನಿಂದ ಅತ್ತೆಯವರು, “ಏ, ಅದನ್ನ ಬಂದ್ ಮಾಡ್ರೋ, ಒಂದೆರಡು ದೇವರ ಹಾಡು ಹಚ್ರಿ” ಅಂದರೆ, “ಈ ಸೈಡ್ ಮುಗೀಲಿ ಅವ್ವಾ” ಎಂಬ ಉತ್ತರ ಬರುತ್ತಿತ್ತು. ಸೈಡ್ ಮುಗಿಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿರುತ್ತಿತ್ತು.

ಅತ್ತೆಯವರು ತಾವೇ ಹಾಡಿದ ಕ್ಯಾಸೆಟ್ಟುಗಳು ಎರಡಿದ್ದವು, 1988ರಲ್ಲಿ ಅಡುಗೆಮನೆಯಲ್ಲಿ ಕೂತು ನಾನೇ ರೆಕಾರ್ಡ್ ಮಾಡಿದ್ದು. ಅವರು ಹೋದ ಮೇಲೆ, ನಾವು ಮೊದಲ ಕಾರು ತಗೊಂಡ ಹೊಸತರಲ್ಲಿ, ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ಆ ಡೆಕ್ಕು ಒಂದನ್ನು ತಿಂದುಹಾಕಿತು. ದನಿ ಎಳೆದಂತಾಗಿ, ದಪ್ಪಗಾಗಿ ನಿಂತಿತು. ಹೊರಗೆಳೆದರೆ ಒಳಗಿನ ರೋಲರಿಗೆ ಟೇಪು ಸುತ್ತಿಕೊಂಡಿತ್ತು. ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲ, ಒಮ್ಮೆ ಸುಕ್ಕಾದರೆ ಇಸ್ತ್ರಿ ಹಾಕಲು ಬರುವುದಿಲ್ಲ. ಕಾರು ಬಿಸಿಲಲ್ಲಿ ನಿಂತು ಟೇಪು ಸಡಿಲಾಗಿರುತ್ತದೆ, ರೋಲರಿಗೆ ಧೂಳಿನ ಅಂಟು ಹಿಡಿದಿರುತ್ತದೆ. ಇಂಥ ಡೆಕ್ಕಿಗೆ ಇರುವ ಒಂದೇ ಪ್ರತಿಯನ್ನು ಕೊಡಬಾರದು ಎಂಬ ಬುದ್ಧಿ ಬಂದದ್ದು ಆವತ್ತು. ಇನ್ನೊಂದು ಕ್ಯಾಸೆಟ್ಟನ್ನು ಮತ್ತೆ ಕಾರಿಗೆ ಒಯ್ಯಲಿಲ್ಲ.

ಅಷ್ಟರಲ್ಲಿ ಜಗತ್ತು ಬೇರೆ ಕಡೆ ಹೊರಳಿತ್ತು. 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ವಾಕ್‌ಮನ್ ಇನ್ನೂ ಕ್ಯಾಸೆಟ್ಟಿನದೇ. ಅದರಲ್ಲಿ ಇಬ್ಬರು ಕೂಡಿ ಕೇಳಲೆಂದು ಎರಡು ಇಯರ್‌ಫೋನ್ ತೂತುಗಳಿದ್ದವು, ಪಾಪ, ಅದೂ ಒಂದು ಕಾಲ. 1982ರಲ್ಲಿ ಸಿಡಿ ಬಂತು, 1984ರಲ್ಲಿ ಕೈಯಲ್ಲಿ ಹಿಡಿಯುವ ಸಿಡಿ ಪ್ಲೇಯರ್ ಬಂತು. ಈಗ ಹಳೇ ತೊಡಕು ಮತ್ತೆ ಎದ್ದಿತು. ಹಾಡು ಸಿಡಿಯಲ್ಲಿ, ಕಾರಿನಲ್ಲಿ ಇರುವುದು ಕ್ಯಾಸೆಟ್ಟಿನ ಬಾಯಿ. ಕಾರು ಹತ್ತು ಹದಿನೈದು ವರ್ಷ ಬಾಳುವ ವಸ್ತು, ಪ್ಲೇಯರು ಮೂರು ವರ್ಷಕ್ಕೆ ಹಳತಾಗುವ ವಸ್ತು. ಇವೆರಡರ ನಡುವೆ ಸೇತುವೆ ಕಟ್ಟಲು 1980ರ ದಶಕದ ಕೊನೆಯ ಭಾಗದಲ್ಲಿ ಬಂದದ್ದು ಕ್ಯಾಸೆಟ್ ಅಡಾಪ್ಟರ್. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತಿ ಜಾಣ ವಸ್ತು ಅದು.

ನೋಡಲು ಸಾದಾ ಕ್ಯಾಸೆಟ್ಟೇ, ಆದರೆ ಒಳಗೆ ಟೇಪಿಲ್ಲ, ಪಕ್ಕದಿಂದ ಒಂದು ವೈರಿನ ಬಾಲ. ಕಾರಿನ ಡೆಕ್ಕಿನಲ್ಲಿ ಟೇಪನ್ನು ಓದುವ ಒಂದು ‘ಹೆಡ್’ ಇರುತ್ತದೆಯಲ್ಲ, ಅದಕ್ಕೆ ಸರಿಯಾಗಿ ಎದುರು ಕೂರುವಂತೆ ಅಡಾಪ್ಟರಿನಲ್ಲೂ ಒಂದು ಹೆಡ್. ಪ್ಲೇಯರಿನಿಂದ ಬಂದ ವಿದ್ಯುತ್ತು ಅದರಲ್ಲಿ ಕಾಂತಕ್ಷೇತ್ರವಾಗಿ ಏರಿಳಿಯುತ್ತದೆ. ಡೆಕ್ಕಿನ ಹೆಡ್ಡು ಪಾಪ, ಎದುರಿಗೆ ಟೇಪೇ ಓಡುತ್ತಿದೆ ಎಂದುಕೊಂಡು ಅದನ್ನೇ ಹಾಡಾಗಿ ಓದುತ್ತದೆ. ಚಕ್ರ ತಿರುಗದಿದ್ದರೆ ಡೆಕ್ಕು ಕ್ಯಾಸೆಟ್ ಮುಗಿಯಿತೆಂದು ನಿಂತುಬಿಡುತ್ತದೆ, ಅದಕ್ಕೆ ಒಳಗೆ ಸುಮ್ಮನೆ ತಿರುಗುವ ಹಲ್ಲಿನ ಚಕ್ರಗಳು. ಹಾಡಿನ ಹಿಂದೆ ಸದಾ ಕೇಳುವ ಕರಕರ ಸದ್ದು ಅದರದೇ. ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಸಿ ಮಾಡಿ ಒಂದನ್ನು ತಂದೆವು. ಸಿಡಿ ಪ್ಲೇಯರನ್ನು ನಾನು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಹಿಡಿದುಕೊಳ್ಳಬೇಕು. ಮಳೆಗಾಲದ ಗುಂಡಿಗಳಲ್ಲಿ ಅದರ ‘ಆಂಟಿ-ಶಾಕ್’ ಕೆಲವು ಸೆಕೆಂಡು ತಡೆದು ಆಮೇಲೆ ಕೈ ಚೆಲ್ಲುತ್ತಿತ್ತು. ಆದರೆ ಒಂದು ಮಾತು ಗಮನಿಸಿ. ವೈರು ಉದ್ದವಿದ್ದದ್ದರಿಂದ ಪ್ಲೇಯರು ಮೊದಲ ಸಲ ಹಿಂದಿನ ಸೀಟಿಗೆ ಬಂತು. ಹಾಡು ಆರಿಸುವವಳು ನಾನಾದೆ.

2007ರಲ್ಲಿ ಮೈದುನನ ಮಗ ಉಳಿದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಎಂಪಿ3 ಮಾಡಿ ಈ ಪುಟ್ಟ ಪ್ಲೇಯರಿಗೆ ಹಾಕಿಕೊಟ್ಟ. ಆ ಕಂಪ್ಯೂಟರು ಆಮೇಲೆ ಗುಜರಿಗೆ ಹೋಯಿತು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಟೇಪು ಅಂಟಿಕೊಂಡಿತು. ಆಗ ನಮಗೆ ಅದರ ಚಿಂತೆ ಇರಲಿಲ್ಲ, ಎಂಪಿ3 ಇದೆಯಲ್ಲ ಎಂದುಕೊಂಡೆವು.

ನಡುವೆ ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ತಂದು ನೋಡಿದ್ದೆವು. ಅದು ಪ್ಲೇಯರಿನ ಹಾಡನ್ನು ನಮ್ಮ ಕಾರಿನಷ್ಟೇ ಅಗಲದ ಆಕಾಶವಾಣಿ ಮಾಡುತ್ತದೆ. ಖಾಲಿ ಇರುವ ಯಾವುದಾದರೂ ತರಂಗಕ್ಕೆ ಅದನ್ನೂ ರೇಡಿಯೋವನ್ನೂ ಹೊಂದಿಸಬೇಕು. ಬ್ರಿಟನ್ನಿನಲ್ಲಿ ಇದನ್ನು ಬಳಸುವುದು 2006ರ ಡಿಸೆಂಬರಿನವರೆಗೆ ಕಾನೂನುಬಾಹಿರವಾಗಿತ್ತು, ಚಿಕ್ಕದಾದರೂ ಪ್ರಸಾರ ಪ್ರಸಾರವೇ. ನಮ್ಮಲ್ಲಿ 2001ರಲ್ಲಿ ಬೆಂಗಳೂರಿನಿಂದ ಖಾಸಗಿ ಎಫ್‌ಎಂ ಶುರುವಾಗಿ ಊರೂರಿಗೂ ಹಬ್ಬಿದ ಮೇಲೆ ಖಾಲಿ ಜಾಗ ಸಿಗುವುದೇ ಕಷ್ಟವಾಯಿತು. ಪುಣೆಯಲ್ಲಿ ಖಾಲಿ ಇದ್ದ ತರಂಗದಲ್ಲಿ ಕೊಲ್ಹಾಪುರದ ನಿಲಯ ಇರುತ್ತಿತ್ತು. ಅತ್ತೆಯ ಸೋಬಾನೆಯ ನಡುವೆ ಮರಾಠಿಯಲ್ಲಿ ಸೀರೆ ಅಂಗಡಿಯ ಜಾಹೀರಾತು ಬಂದಾಗ ಅದನ್ನು ಕಿತ್ತಿಟ್ಟೆ.

2010ರಲ್ಲಿ ಕೊಂಡ ಕಾರಿನಲ್ಲಿ ಆಕ್ಸ್ ಎಂಬ ತೂತು ಬಂತು. ನೆಟ್ಟಗೆ ವೈರು, ನಡುವೆ ವೇಷವಿಲ್ಲ, ಕರಕರ ಇಲ್ಲ. ಈ ಪಿನ್ನಿನ ಮೂಲ ಎಲ್ಲಿ ಗೊತ್ತೇ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. 1870ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕೈಯಿಂದ ಕರೆ ಜೋಡಿಸುವ ಸ್ವಿಚ್‌ಬೋರ್ಡುಗಳು ಬಂದವು. ಮೊದಲು ಆ ಕೆಲಸಕ್ಕೆ ಹುಡುಗರನ್ನು ಇಟ್ಟರು, ಅವರು ಗಿರಾಕಿಗಳಿಗೇ ಬೈಯುತ್ತಿದ್ದರು. 1878ರ ಸೆಪ್ಟೆಂಬರ್ 1ರಂದು ಬೋಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಆ ಕುರ್ಚಿಯಲ್ಲಿ ಕೂತಳು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಎಂದು ಆಕೆಯನ್ನು ನೆನೆಯುತ್ತಾರೆ. ಆಮೇಲೆ ಆ ಕೆಲಸ ಬಹುಮಟ್ಟಿಗೆ ಹೆಂಗಸರದೇ ಆಯಿತು. ಅವರು ದಿನವಿಡೀ ಚುಚ್ಚಿ ತೆಗೆಯುತ್ತಿದ್ದ ಕಾಲಿಂಚಿನ ಪಿನ್ನೇ ಟ್ರಾನ್ಸಿಸ್ಟರ್ ಕಾಲದಲ್ಲಿ ಸಣ್ಣದಾಗಿ 3.5 ಮಿಲಿಮೀಟರಿಗೆ ಇಳಿಯಿತು. ಇವತ್ತಿಗೂ ಅದರ ಭಾಗಗಳಿಗೆ ಸ್ವಿಚ್‌ಬೋರ್ಡಿನ ಹೆಸರುಗಳೇ. ತುದಿಯಲ್ಲಿ ಟಿಪ್, ಅದು ಎಡಗಡೆಯ ಸ್ಪೀಕರಿಗೆ. ನಡುವೆ ರಿಂಗ್, ಬಲಗಡೆಗೆ. ಬುಡದಲ್ಲಿ ಸ್ಲೀವ್, ಅದು ಎರಡಕ್ಕೂ ನೆಲ. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿ ಎರಡು ತಾಸು ಕಾದವರಿಗೆ, “ಬಾತ್ ಕೀಜಿಯೇ” ಎನ್ನುತ್ತಿದ್ದ ಆ ಹೆಣ್ಣುದನಿ ನೆನಪಿರಬಹುದು. ಅತ್ತೆಯ ಹಾಡನ್ನು ನಾನು ಕಾರಿಗೆ ಚುಚ್ಚುತ್ತಿದ್ದದ್ದು ಅವಳ ಕೈಯ ಪಿನ್ನಿನ ಮೊಮ್ಮಗಳನ್ನೇ.

ಆಕ್ಸಿಗೂ ಒಂದು ರೋಗವಿತ್ತು. ಪ್ಲೇಯರನ್ನೋ ಫೋನನ್ನೋ ಕಾರಿನ ಚಾರ್ಜರಿಗೂ ಹಚ್ಚಿ, ಆಕ್ಸಿಗೂ ಚುಚ್ಚಿದರೆ ಸ್ಪೀಕರಿನಲ್ಲಿ ಸೊಳ್ಳೆಯಂಥ ಕುಂಯ್ ದನಿ. ಎಕ್ಸಲರೇಟರ್ ಒತ್ತಿದಷ್ಟೂ ಅದು ಏರುತ್ತದೆ. ಎಂಜಿನ್ನಿನ ಜೊತೆ ತಿರುಗುವ ಆಲ್ಟರ್ನೇಟರಿನ ಗದ್ದಲ ಅದು. ನೆಲದ ಸಂಪರ್ಕ ಎರಡು ದಾರಿಯಿಂದ ಆದಾಗ ಹಾಡಿನೊಳಕ್ಕೆ ನುಸುಳುತ್ತದೆ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ನನ್ನ ಪ್ಲೇಯರಿಗೆ ಸೆಲ್ಲು, ಆದ್ದರಿಂದ ಅತ್ತೆಯ ಹಾಡಿಗೆ ಸೊಳ್ಳೆಕಾಟ ಇರಲಿಲ್ಲ.

ಪೆನ್‌ಡ್ರೈವ್ ಬಂದ ಮೇಲೆ ಹಾಡುಗಳ ರಾಶಿಯೇನೋ ಬೆಳೆಯಿತು. ಆದರೆ ಕಡತದ ಹೆಸರನ್ನು ಕನ್ನಡದಲ್ಲಿ ಬರೆದರೆ ಎಷ್ಟೋ ಸ್ಟೀರಿಯೋಗಳ ಪರದೆಯಲ್ಲಿ ಸಾಲಾಗಿ ಚೌಕಗಳು ಮೂಡುತ್ತಿದ್ದವು. ಯಾವ ಚೌಕ ಬೇಂದ್ರೆ, ಯಾವುದು ಪುರಂದರದಾಸರು ಎಂದು ಒತ್ತಿಯೇ ನೋಡಬೇಕು.

ಈಗ ಬ್ಲೂಟೂತ್. ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡನ ಅಡ್ಡಹೆಸರು ಅದು, ಆ ಗುರುತು ಅವನ ಹೆಸರಿನ ಎರಡು ಹಳೇ ಅಕ್ಷರಗಳನ್ನು ಹೆಣೆದದ್ದು. ಸೌಕರ್ಯ ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಕಾರು ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಓಡಿಸುವವನ ಫೋನನ್ನು. ಬಾಗಿಲು ತೆರೆದೊಡನೆ ಅವನ ಹಾಡೇ ಶುರು. ವೈರಿಗೆ ಯಾರ ಪರಿಚಯವೂ ಬೇಕಿರಲಿಲ್ಲ. ಹಿಂದೆ ಕೂತವರು ಕೈ ಚಾಚಿ ಕಿತ್ತುಕೊಂಡು ತಮ್ಮದಕ್ಕೆ ಚುಚ್ಚಿಕೊಳ್ಳಬಹುದಿತ್ತು. ಈ ವಿಷಯದಲ್ಲಿ ನಾವು ನಾಲ್ಕು ಹೆಜ್ಜೆ ಹಿಂದೆ, ಸೈಡ್ ಮುಗಿಯಲಿ ಎಂದು ಕಾಯುತ್ತಿದ್ದ ದಿನಕ್ಕೆ ಹೋಗಿದ್ದೇವೆ ಎಂದು ನನಗನ್ನಿಸುತ್ತದೆ. ಮಗ ಇದನ್ನು ಒಪ್ಪುವುದಿಲ್ಲ.

ಒಪ್ಪದಿದ್ದರೂ ದಾರಿ ಹುಡುಕಿದವನು ಅವನೇ. ಪ್ಲೇಯರಿನ ತೂತಿಗೆ ಚುಚ್ಚಿದರೆ ಹಾಡನ್ನು ಬ್ಲೂಟೂತ್ ಮಾಡಿ ಕಳಿಸುವ, ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿಯೊಂದನ್ನು ತರಿಸಿದ. ಸಂಕ್ರಾಂತಿಗೆ ಹೋಗುವಾಗ ಅತ್ತೆ ಮತ್ತೆ ಹಾಡಿದರು. ವಾಪಸು ಬಂದ ಮೇಲೆ ಒಂದು ಭಾನುವಾರ ಅದೇ ಹಳೇ ವೈರನ್ನು ಪ್ಲೇಯರಿನಿಂದ ಲ್ಯಾಪ್‌ಟಾಪಿನ ಮೈಕಿನ ತೂತಿಗೆ ಚುಚ್ಚಿ, ದನಿ ಸ್ವಲ್ಪ ತಗ್ಗಿಸಿ, 22 ಹಾಡುಗಳನ್ನೂ ಹಾಡಿಸುತ್ತಲೇ ರೆಕಾರ್ಡ್ ಮಾಡಿಕೊಂಡೆವು. ಅವಸರ ಮಾಡುವಂತಿಲ್ಲ, ಒಂದು ತಾಸಿನ ಹಾಡಿಗೆ ಒಂದು ತಾಸು ಕೂರಲೇಬೇಕು. ಹನ್ನೊಂದನೆಯ ಹಾಡಿನ ನಡುವೆ ಕುಕ್ಕರ್ ಎರಡು ಸೀಟಿ ಹಾಕಿತು. ಗ್ಯಾಸ್ ಆರಿಸಲು ನಾನು ಎದ್ದೇಬಿಟ್ಟೆ. “ಕೂಡಮ್ಮಾ, ಅದು 1988ರ ಕುಕ್ಕರ್” ಅಂದ ಮಗ.