ಒಂದೇ ಕೋವಿ, ಹಲವು ಬೇಟೆ

ಹಕ್ಕಿಗೂ ಹಂದಿಗೂ ಒಂದೇ ಕೋವಿ ಒದಗೀತೇ? ಹಳೆಯ ಕೇಪಿನ ಕೋವಿ ಒದಗುತ್ತಿತ್ತು. ಗೌಜಲಹಕ್ಕಿಗೆ ಸಣ್ಣ ಚರೆ, ಹಂದಿಗೆ ದೊಡ್ಡ ಗುಂಡು ತುಂಬಿದರಾಯಿತು. ರೈಫಲಿಗಾದರೋ ನಳಿಗೆಯ ಅಳತೆಯ ತೋಟಾ ಮಾತ್ರ ಹೊಂದುತ್ತದೆ. ಆದುದರಿಂದ ಬೇಟೆಗಾರನು ದೊಡ್ಡ ಮೃಗವನ್ನು ಲೆಕ್ಕಕ್ಕಿಟ್ಟೇ ಅಳತೆಯನ್ನು ಆರಿಸಬೇಕಿತ್ತು.

ಕೆನೆತ್ ಆಂಡರ್ಸನ್ (1910–1974) ನೆಚ್ಚಿದ್ದು .405 ವಿಂಚೆಸ್ಟರನ್ನು. ಅದರ ಗುಂಡು 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ನಮ್ಮ ತಿಪಟೂರಿನ ನೆರೆಯ ಅರಸೀಕೆರೆಯ ಬಳಿ ಜನರನ್ನು ಕೊಂದ ಕರಡಿಯ ಬೇಟೆಯನ್ನು ಅವರು ಬರೆದಿದ್ದಾರೆ. ಜಿಂಕೆಗೆ ಅಷ್ಟು ಭಾರದ ಗುಂಡು ಅತಿಯೇ ಸರಿ. ಆದರೆ ಹಗುರ ಗುಂಡಿನಿಂದ ಗಾಯಗೊಂಡು ತಪ್ಪಿಸಿಕೊಂಡ ಕರಡಿಯ ಕೋಪಕ್ಕೆ ಮರುದಿನ ಗುರಿಯಾಗುವವನು ಸೌದೆಗೆ ಹೋದ ಹಳ್ಳಿಗ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಆಯ್ಕೆಗೆ ಕಡಿವಾಣ ಹಾಕಿತು. ಇಂದು ತೆಂಗಿನ ತೋಟಕ್ಕೆ ಕರಡಿ ಬಂದರೆ ನಾವು ಅರಸಬೇಕಾದುದು ಕೋವಿಯನ್ನಲ್ಲ, ಅರಣ್ಯ ಇಲಾಖೆಯವರನ್ನು.