ಪ್ರತ್ಯೇಕ ಕಾರ್ಯಾಗಾರದಿಂದ ಊರಿನ ಉದ್ಯೋಗಕ್ಕೆ
ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದಲ್ಲಿ ಬೌದ್ಧಿಕ ವೈಕಲ್ಯ ಇರುವವರಿಗೆ ಕೆಲಸ ಸಿಕ್ಕರೂ ಅದು ಅವರಿಗೆಂದೇ ತೆರೆದ ಪ್ರತ್ಯೇಕ ಕಾರ್ಯಾಗಾರಗಳಲ್ಲಿ. ಅವರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಡಲು 1938ರ ಕಾರ್ಮಿಕ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ತರಬೇತಿಗೆಂದು ಒಳಹೊಕ್ಕ ಹಲವರು ಹೊರಗಿನ ಕೆಲಸಕ್ಕೆ ದಾಟಲೇ ಇಲ್ಲ.

ಇವರಿಂದ ಇಷ್ಟೇ ಸಾಧ್ಯ ಎಂಬ ನಂಬಿಕೆಯನ್ನು ಅಲುಗಿಸಿದವರು ಸಂಶೋಧಕ ಮಾರ್ಕ್ ಗೋಲ್ಡ್. 1972ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇಂಥ ಕಾರ್ಯಾಗಾರಗಳಲ್ಲಿದ್ದವರು ಸೈಕಲ್ ಬ್ರೇಕಿನ 15 ಬಿಡಿಭಾಗಗಳನ್ನು ಸರಿಯಾಗಿ ಜೋಡಿಸಲು ಕಲಿತರು. ಗೋಲ್ಡ್ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು, ಮಾತು ಕಡಿಮೆ ಮಾಡಿ, ಕೈಯಲ್ಲೇ ಮಾಡಿಸಿ ಕಲಿಸುತ್ತಿದ್ದರು. ಕಲಿಕೆ ಸಾಗದಿದ್ದರೆ ಬದಲಾಗಬೇಕಾದದ್ದು ಕಲಿಸುವ ವಿಧಾನ ಎಂಬುದು ಅವರ ನಿಲುವು. ಈ ಇತಿಹಾಸದಲ್ಲಿ ಇದಕ್ಕಿಂತ ಮಹತ್ವದ ತಿರುವು ಕಾಣುವುದು ಕಷ್ಟ.

1986ರಲ್ಲಿ ಪುನರ್ವಸತಿ ಕಾಯ್ದೆಯ ತಿದ್ದುಪಡಿ 'ಬೆಂಬಲಿತ ಉದ್ಯೋಗ'ಕ್ಕೆ ಹಣ ಒದಗಿಸಿತು: ಮೊದಲು ಸಾಮಾನ್ಯರ ನಡುವೆ ಕೆಲಸ, ಆಮೇಲೆ ಅಲ್ಲಿಯೇ ಮಾರ್ಗದರ್ಶಕರಿಂದ ತರಬೇತಿ. ಮುಂದೆ ಬೆಳೆದ 'ಶೋಧನೆ' ಕ್ರಮದಲ್ಲಿ ಪರೀಕ್ಷೆ, ಅಂಕಗಳಿಗೆ ಜಾಗವಿಲ್ಲ. ವ್ಯಕ್ತಿಯ ಮನೆ, ನೆರೆಹೊರೆ, ದಿನಚರಿಗಳನ್ನು ವಾರಗಟ್ಟಲೆ ಗಮನಿಸಿ ಆಸಕ್ತಿ, ಕೌಶಲಗಳನ್ನು ಗುರುತಿಸುತ್ತಾರೆ. ಬಳಿಕ ಮಾಲೀಕರೊಂದಿಗೆ ಮಾತಾಡಿ ಅವಕ್ಕೊಪ್ಪುವ ಕೆಲಸವನ್ನೇ ರೂಪಿಸುತ್ತಾರೆ. 2014ರ ಕೇಂದ್ರ ಕಾಯ್ದೆಯೊಂದು ಹೀಗೆ ರೂಪಿಸಿದ ಉದ್ಯೋಗಕ್ಕೆ ಕಾನೂನಿನ ಮನ್ನಣೆ ನೀಡಿತು. ಕಡಿಮೆ ಕೂಲಿಯ ಅವಕಾಶವನ್ನು ಹಲವು ರಾಜ್ಯಗಳು ರದ್ದುಮಾಡಿದ್ದರೂ ಕೇಂದ್ರ ಕಾನೂನಿನಲ್ಲಿ ಅದು ಇನ್ನೂ ಉಳಿದಿದೆ.